ಗೊತ್ತಿಲ್ಲದ ಕಂಪ್ಯೂಟರ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆಯೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಕುಮಟಾ ಕಡೆ ಹಳೆ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಲಿನಕ್ಸ್ ಅನ್ನೋ ಉಚಿತ ಸಿಸ್ಟಂ ಹಾಕಿಸಿಕೊಳ್ಳುವವರು ಈಗೀಗ ಕಾಣಸಿಗುತ್ತಾರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮಷೀನ್ ಚೆನ್ನಾಗಿಯೇ ಓಡುತ್ತಿರುವಾಗ ಎಸೆಯೋಕೆ ಮನಸ್ಸು ಬರೋದಿಲ್ಲ, ಅಲ್ವಾ? ಇನ್ನು ಕೆಲವರ ಮನೆಗೆ ಬೆಂಗಳೂರಿನ ಮಗಳ ಹಳೆ ಮ್ಯಾಕ್ ಬಂದಿದೆ. ಕೆಲವರು ಕೆಲಸದ ಮೇಲೆ ಕಾರವಾರಕ್ಕೆ ಹೋದಾಗ ಅಲ್ಲಿನ ಸೈಬರ್‌ನಲ್ಲಿ ಕೂರುತ್ತಾರೆ. ಎಲ್ಲರೂ ಕೇಳೋದು ಒಂದೇ: ಇದರಲ್ಲಿ ಸ್ಕ್ರೀನ್‌ಶಾಟ್ ಹೇಗೆ?

ತೆಗೆಯೋದು ಸುಲಭ. ತೆಗೆದದ್ದು ಎಲ್ಲಿ ಹೋಯಿತು ಅನ್ನೋದೇ ತಲೆನೋವು. ಅದಕ್ಕೇ ಕೆಳಗಿನ ಉತ್ತರಗಳಲ್ಲಿ ಚಿತ್ರ ಎಲ್ಲಿಗೆ ಹೋಗಿ ಬೀಳುತ್ತದೆ ಅನ್ನೋದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ನನ್ನೆದುರಿಗೆ ಇರೋದು ವಿಂಡೋಸಾ, ಲಿನಕ್ಸಾ, ಮ್ಯಾಕಾ? ಹೇಗೆ ಗೊತ್ತಾಗುತ್ತದೆ?

ಕೀಬೋರ್ಡ್ ನೋಡಿ ತೀರ್ಮಾನ ಮಾಡಬೇಡಿ. ವಿಂಡೋಸ್ ಗುರುತಿನ ಕೀಬೋರ್ಡ್ ಇದ್ದರೂ ಒಳಗೆ ಉಬುಂಟು (ಲಿನಕ್ಸ್‌ನ ಒಂದು ಬಗೆ) ಓಡುತ್ತಿರಬಹುದು. ಪರದೆ ನೋಡಿ. ಮೇಲಿನ ಎಡ ಮೂಲೆಯಲ್ಲಿ ಸೇಬಿನ ಗುರುತು ಇದ್ದರೆ ಮ್ಯಾಕ್. ಕೆಳಗಿನ ಪಟ್ಟಿಯಲ್ಲಿ ನಾಲ್ಕು ಚೌಕದ ಗುರುತು ಇದ್ದರೆ ವಿಂಡೋಸ್. ಮೇಲೆ ನಟ್ಟನಡುವೆ ಗಡಿಯಾರ, ಎಡಗಡೆ ಉದ್ದಕ್ಕೆ ಐಕಾನ್‌ಗಳ ಸಾಲು ಇದ್ದರೆ ಹೆಚ್ಚಾಗಿ ಉಬುಂಟು.

ಲಿನಕ್ಸ್‌ನ ಇನ್ನೊಂದು ಬಗೆಯಾದ ಲಿನಕ್ಸ್ ಮಿಂಟ್ ಮಾತ್ರ ಸ್ವಲ್ಪ ಗೊಂದಲ ಮಾಡುತ್ತದೆ. ಕೆಳಗಿನ ಪಟ್ಟಿ, ಎಡ ಮೂಲೆಯ ಮೆನು ಎಲ್ಲ ಹಳೆ ವಿಂಡೋಸ್ ಹಾಗೇ ಕಾಣುತ್ತದೆ. ಅನುಮಾನ ಬಂದರೆ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್’ ಅಥವಾ ‘ಸಿಸ್ಟಂ ಇನ್ಫೋ’ ಎಂದು ಹುಡುಕಿ. ಹೆಸರು, ಆವೃತ್ತಿ ಎರಡೂ ಅಲ್ಲಿ ಸಿಗುತ್ತವೆ. ಆವೃತ್ತಿ ನೋಡಿಟ್ಟುಕೊಳ್ಳಿ. ಉಬುಂಟು 20.04ಕ್ಕೂ 22.04ಕ್ಕೂ ಸ್ಕ್ರೀನ್‌ಶಾಟ್ ವಿಷಯದಲ್ಲಿ ಬಹಳ ವ್ಯತ್ಯಾಸ ಇದೆ.

ಪ್ರಿಂಟ್ ಸ್ಕ್ರೀನ್ ಒತ್ತಿದೆ. ಏನೂ ಆಗಲಿಲ್ಲ. ಕೀ ಕೆಟ್ಟಿದೆಯಾ?

ಬಹುಶಃ ಕೆಟ್ಟಿಲ್ಲ. ಚಿತ್ರ ಬಂದಿದೆ, ನಿಮಗೆ ಕಾಣುತ್ತಿಲ್ಲ ಅಷ್ಟೇ.

ಸ್ಕ್ರೀನ್‌ಶಾಟ್ ಎರಡು ಕಡೆ ಹೋಗಬಹುದು. ಒಂದು, ಫೈಲ್ ಆಗಿ ಯಾವುದೋ ಫೋಲ್ಡರ್‌ಗೆ. ಇನ್ನೊಂದು, ಕ್ಲಿಪ್‌ಬೋರ್ಡ್‌ಗೆ. ಕ್ಲಿಪ್‌ಬೋರ್ಡ್ ಅಂದರೆ ನೀವು ಕಾಪಿ ಮಾಡಿದ್ದನ್ನು ಕಂಪ್ಯೂಟರ್ ತಾತ್ಕಾಲಿಕವಾಗಿ ಹಿಡಿದುಕೊಳ್ಳುವ ಜಾಗ. ವಿಂಡೋಸ್ 10ರಲ್ಲಿ ಬರೀ ಪ್ರಿಂಟ್ ಸ್ಕ್ರೀನ್ ಒತ್ತಿದರೆ ಚಿತ್ರ ಹೋಗೋದು ಕ್ಲಿಪ್‌ಬೋರ್ಡ್‌ಗೆ. ಶಬ್ದ ಇಲ್ಲ, ಸೂಚನೆ ಇಲ್ಲ. ಪೇಂಟ್ ತೆರೆದು ಕಂಟ್ರೋಲ್ ಮತ್ತು ವಿ ಒತ್ತಿದರೆ ಪರದೆ ಪೂರ್ತಿ ಅಲ್ಲಿ ಬಂದು ಕೂರುತ್ತದೆ.

ಹಾಗಾಗಿ ಯಾವ ಸಿಸ್ಟಂ ಆದರೂ ಮೊದಲ ಪರೀಕ್ಷೆ ಇದೇ: ಕೀ ಒತ್ತಿ, ಆಮೇಲೆ ಎಲ್ಲಾದರೂ ಪೇಸ್ಟ್ ಮಾಡಿ ನೋಡಿ. ಪೇಂಟ್ ಇಲ್ಲದಿದ್ದರೆ ಲಿಬ್ರೆಆಫೀಸ್ ರೈಟರ್ ಆದೀತು, ಇಮೇಲ್ ಬರೆಯುವ ಜಾಗ ಆದೀತು. ಮ್ಯಾಕ್‌ನಲ್ಲಿ ಪೇಸ್ಟ್‌ಗೆ ಕಮಾಂಡ್ ಮತ್ತು ವಿ. ಬಂದರೆ ಕ್ಲಿಪ್‌ಬೋರ್ಡ್‌ನಲ್ಲಿತ್ತು. ಬರದಿದ್ದರೆ ಫೋಲ್ಡರ್ ಹುಡುಕಿ.

ಒಂದು ಎಚ್ಚರಿಕೆ. ಕ್ಲಿಪ್‌ಬೋರ್ಡ್‌ನಲ್ಲಿ ಇರುವುದು ಮೆಮರಿಯಲ್ಲಿ ಮಾತ್ರ, ಡಿಸ್ಕ್‌ನಲ್ಲಿ ಅಲ್ಲ. ನಮ್ಮಲ್ಲಿ ಜೂನ್ ಬಂತೆಂದರೆ ಗಾಳಿಗೆ ಎಲ್ಲೋ ಒಂದು ಮರ ತಂತಿ ಮೇಲೆ ಬಿದ್ದಿರುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಕರೆಂಟ್ ಹೋದರೆ ಚಿತ್ರವೂ ಹೋಯಿತು. ಅದು ಬೇಡ, ಮಧ್ಯೆ ನೀವು ಬೇರೆ ಏನೋ ಕಾಪಿ ಮಾಡಿದರೂ ಸಾಕು, ಹಳೆಯದು ಜಾಗ ಬಿಡುತ್ತದೆ. ಮುಖ್ಯವಾದ ಚಿತ್ರ ಆಗಿದ್ದರೆ ತಕ್ಷಣ ಪೇಸ್ಟ್ ಮಾಡಿ, ಸೇವ್ ಮಾಡಿ.

ವಿಂಡೋಸ್‌ನಲ್ಲಿ ಯಾವ ದಾರಿ ಒಳ್ಳೆಯದು?

ನಾನು ಎಲ್ಲರಿಗೂ ಹೇಳೋದು ವಿಂಡೋಸ್ ಕೀ ಹಿಡಿದು ಪ್ರಿಂಟ್ ಸ್ಕ್ರೀನ್. ಪರದೆ ಒಂದು ಕ್ಷಣ ಮಂಕಾಗುತ್ತದೆ. ಅದೇ ಗುರುತು, ಫೈಲ್ ಸೇವ್ ಆಯಿತು. ಪಿಕ್ಚರ್ಸ್ ಫೋಲ್ಡರ್ ಒಳಗಿನ ಸ್ಕ್ರೀನ್‌ಶಾಟ್ಸ್ ಫೋಲ್ಡರ್‌ನಲ್ಲಿ ಇರುತ್ತದೆ. ಹುಡುಕಾಟ ಇಲ್ಲ, ಪೇಸ್ಟ್ ಮಾಡುವ ಗೋಜಿಲ್ಲ.

ಸ್ವಲ್ಪ ಭಾಗ ಮಾತ್ರ ಬೇಕಿದ್ದರೆ ವಿಂಡೋಸ್ ಕೀ, ಶಿಫ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿ, ಮೌಸ್‌ನಿಂದ ಎಳೆಯಿರಿ. ಅಡಿಕೆ ಧಾರಣೆ ಪಟ್ಟಿಯಲ್ಲಿ ರಾಶಿ, ಚಾಲಿ ಸಾಲು ಮಾತ್ರ ಸಾಕು, ಕೆಂಪುಗೋಟು ಬಿಳೆಗೋಟು ಬೇಡ ಅನ್ನುವವರಿಗೆ ಇದೇ ಸರಿ. ಇಲ್ಲಿ ಒಂದು ವ್ಯತ್ಯಾಸ ಇದೆ. ವಿಂಡೋಸ್ 10ರಲ್ಲಿ ಹೀಗೆ ತೆಗೆದದ್ದು ಕ್ಲಿಪ್‌ಬೋರ್ಡ್‌ಗೆ ಹೋಗುತ್ತದೆ. ಮೂಲೆಯಲ್ಲಿ ಬರುವ ಸೂಚನೆ ಒತ್ತಿ ಸೇವ್ ಮಾಡದಿದ್ದರೆ ಫೈಲ್ ಆಗುವುದಿಲ್ಲ. ವಿಂಡೋಸ್ 11ರ ಹೊಸ ಸ್ನಿಪಿಂಗ್ ಟೂಲ್ ತಾನಾಗಿಯೇ ಫೈಲನ್ನೂ ಉಳಿಸುತ್ತದೆ. ಹೊಸ ವಿಂಡೋಸ್ 11ರಲ್ಲಿ ಬರೀ ಪ್ರಿಂಟ್ ಸ್ಕ್ರೀನ್ ಒತ್ತಿದರೂ ಇದೇ ಸ್ನಿಪಿಂಗ್ ಟೂಲ್ ಏಳುತ್ತದೆ. ವರ್ಷಗಳಿಂದ ಪೇಂಟ್‌ಗೆ ಪೇಸ್ಟ್ ಮಾಡಿ ರೂಢಿ ಆದವರಿಗೆ ಇದು ಕಿರಿಕಿರಿ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ, ಅದರೊಳಗಿನ ಕೀಬೋರ್ಡ್‌ನಲ್ಲಿ ಅದನ್ನು ಬಂದ್ ಮಾಡಬಹುದು.

ಆಲ್ಟ್ ಹಿಡಿದು ಪ್ರಿಂಟ್ ಸ್ಕ್ರೀನ್ ಒತ್ತಿದರೆ ಎದುರಿಗಿರುವ ಒಂದೇ ಕಿಟಕಿ ಬರುತ್ತದೆ. ಎರಡು ಮಾನಿಟರ್ ಇಟ್ಟುಕೊಂಡವರಿಗೆ ಇದು ಉಪಕಾರ. ಇಲ್ಲದಿದ್ದರೆ ಎರಡೂ ಪರದೆ ಸೇರಿ ಉದ್ದನೆಯ ಒಂದು ಚಿತ್ರ ಬರುತ್ತದೆ.

ವಿಂಡೋಸ್ 7 ಇರುವ ಮಷೀನ್ ಎದುರು ಕೂತಿದ್ದರೆ ವಿಂಡೋಸ್ ಕೀ ಜೊತೆಗಿನ ಈ ಯಾವುದೂ ನಡೆಯುವುದಿಲ್ಲ. ಮೆನುವಿನಲ್ಲಿ ಸ್ನಿಪಿಂಗ್ ಟೂಲ್ ಹುಡುಕಿ, ಅಥವಾ ಪೇಂಟ್ ದಾರಿ ಹಿಡಿಯಿರಿ.

ಉಬುಂಟು ಹಾಕಿಸಿದ್ದೇನೆ. ಪ್ರಿಂಟ್ ಸ್ಕ್ರೀನ್ ಒತ್ತಿದರೆ ಪರದೆ ಕಪ್ಪಗಾಗಿ ಏನೇನೋ ಗುಂಡಿ ಬರುತ್ತವೆ. ಹೆದರಬೇಕಾ?

ಹೆದರಬೇಡಿ, ಅದೇ ಸ್ಕ್ರೀನ್‌ಶಾಟ್ ಸಾಧನ. ಉಬುಂಟುವಿನ ಪರದೆ, ಮೆನು ಎಲ್ಲ ತೋರಿಸುವ ಭಾಗದ ಹೆಸರು ನೋಮ್. 2022ರಲ್ಲಿ ಬಂದ ನೋಮ್ 42ರಿಂದ ಹೀಗಾಗಿದೆ. ಉಬುಂಟು 22.04ರಿಂದ ಈಚಿನ ಎಲ್ಲದರಲ್ಲೂ ಇದೇ. ಕೆಳಗಿನ ಫಲಕದಲ್ಲಿ ಮೂರು ಆಯ್ಕೆ ಕಾಣುತ್ತವೆ: ಆರಿಸಿದ ಭಾಗ, ಇಡೀ ಪರದೆ, ಒಂದು ಕಿಟಕಿ. ಬೇಕಾದ್ದನ್ನು ಒತ್ತಿ, ನಡುವಿನ ದುಂಡು ಗುಂಡಿ ಒತ್ತಿ. ಎಂಟರ್ ಒತ್ತಿದರೂ ಆದೀತು. ಬೇಡ ಅನ್ನಿಸಿದರೆ ಎಸ್ಕೇಪ್.

ಚಿತ್ರ ಎರಡೂ ಕಡೆ ಹೋಗುತ್ತದೆ. ಪಿಕ್ಚರ್ಸ್ ಒಳಗಿನ ಸ್ಕ್ರೀನ್‌ಶಾಟ್ಸ್ ಫೋಲ್ಡರ್‌ನಲ್ಲಿ ಫೈಲ್, ಜೊತೆಗೆ ಕ್ಲಿಪ್‌ಬೋರ್ಡ್‌ನಲ್ಲಿ ಒಂದು ಪ್ರತಿ. ನನ್ನ ಮಟ್ಟಿಗೆ ಎಲ್ಲ ಸಿಸ್ಟಂಗಳಲ್ಲೂ ಇದೇ ಅಚ್ಚುಕಟ್ಟಾದ ಏರ್ಪಾಡು. ಹೊಸಬರು ಗಾಬರಿಯಾಗುವುದು ಆ ಕಪ್ಪು ಪರದೆಗೆ ಮಾತ್ರ.

ಫಲಕ ಬೇಡ, ಒಂದೇ ಏಟಿಗೆ ಇಡೀ ಪರದೆ ಬೇಕು ಅಂದರೆ ಶಿಫ್ಟ್ ಮತ್ತು ಪ್ರಿಂಟ್ ಸ್ಕ್ರೀನ್. ಒಂದು ಕಿಟಕಿಗೆ ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್. ಉಬುಂಟು 24.04ರಲ್ಲಿ ಕೀಬೋರ್ಡ್ ಮುಟ್ಟುವುದೇ ಬೇಡ. ಬಲಗಡೆ ಮೇಲೆ ವೈಫೈ, ಬ್ಯಾಟರಿ ಗುರುತು ಇರುವಲ್ಲಿ ಒತ್ತಿದರೆ ತೆರೆಯುವ ಪಟ್ಟಿಯಲ್ಲೇ ಸ್ಕ್ರೀನ್‌ಶಾಟ್‌ನ ಚಿಕ್ಕ ಗುಂಡಿ ಇದೆ.

ಹಳೆಯ ಉಬುಂಟು 20.04ರಲ್ಲಿ ನಡವಳಿಕೆ ಬೇರೆ. ಪ್ರಿಂಟ್ ಸ್ಕ್ರೀನ್ ಒತ್ತಿದ ಕೂಡಲೇ ಫೈಲ್ ನೇರ ಪಿಕ್ಚರ್ಸ್‌ಗೆ ಬೀಳುತ್ತದೆ. ಶಿಫ್ಟ್ ಸೇರಿಸಿದರೆ ಭಾಗ ಆರಿಸಬಹುದು. ಕಂಟ್ರೋಲ್ ಸೇರಿಸಿದರೆ ಫೈಲ್ ಆಗುವುದಿಲ್ಲ, ಕ್ಲಿಪ್‌ಬೋರ್ಡ್‌ಗೆ ಹೋಗುತ್ತದೆ. ಗಮನಿಸಿದಿರಾ? ಶಿಫ್ಟ್ ಸೇರಿಸಿದರೆ ಹಳೆಯದರಲ್ಲಿ ಒಂದು ಭಾಗ, ಹೊಸದರಲ್ಲಿ ಇಡೀ ಪರದೆ. ಅಭ್ಯಾಸ ಬಲ ಇಲ್ಲಿ ಕೈ ಕೊಡುತ್ತದೆ.

ಲಿನಕ್ಸ್ ಮಿಂಟ್, ಕೆಡಿಇ, ಎಕ್ಸ್‌ಎಫ್‌ಸಿಇ ಅಂತೆಲ್ಲ ಇದೆಯಲ್ಲ?

ಸಿನಮನ್, ಕೆಡಿಇ, ಎಕ್ಸ್‌ಎಫ್‌ಸಿಇ ಅಂದರೆ ಲಿನಕ್ಸ್‌ನ ಪರದೆ, ಮೆನು ತೋರಿಸುವ ಬೇರೆ ಬೇರೆ ಮುಖಗಳು. ಮಿಂಟ್‌ನ ಸಿನಮನ್ ಹಳೆ ಉಬುಂಟು ತರಹವೇ ನಡೆಯುತ್ತದೆ. ಚಿತ್ರ ಪಿಕ್ಚರ್ಸ್‌ನಲ್ಲಿ ನೋಡಿ. ಕೆಡಿಇಯಲ್ಲಿ ಸ್ಪೆಕ್ಟಕಲ್ ಅನ್ನೋ ಸಾಧನ ತೆರೆಯುತ್ತದೆ. ತುಂಬಾ ಆಯ್ಕೆ ಇದೆ, ಬಾಣ ಹಾಕಬಹುದು, ಅಕ್ಷರ ಬರೆಯಬಹುದು. ಎಕ್ಸ್‌ಎಫ್‌ಸಿಇಯಲ್ಲಿ ಅದರದೇ ಸ್ಕ್ರೀನ್‌ಶೂಟರ್ ಇದೆ. ಫೈಲ್ ಮಾಡಲೋ, ಕ್ಲಿಪ್‌ಬೋರ್ಡ್‌ಗೆ ಹಾಕಲೋ ಎಂದು ಅದು ನಿಮ್ಮನ್ನೇ ಕೇಳುತ್ತದೆ.

ಯಾವುದೆಂದು ತಿಳಿಯದಿದ್ದರೆ ಮೆನು ತೆರೆದು ಇಂಗ್ಲಿಷ್ ಅಕ್ಷರದಲ್ಲಿ ‘ಸ್ಕ್ರೀನ್’ ಎಂದು ಟೈಪ್ ಮಾಡಿ. ಇದ್ದ ಸಾಧನ ತಾನೇ ಮೇಲೆ ಬರುತ್ತದೆ.

ಮ್ಯಾಕ್‌ನಲ್ಲಿ ಪ್ರಿಂಟ್ ಸ್ಕ್ರೀನ್ ಕೀನೇ ಇಲ್ಲವಲ್ಲ?

ಇಲ್ಲ. ಅಲ್ಲಿ ಕಮಾಂಡ್, ಶಿಫ್ಟ್ ಹಿಡಿದು ಒಂದು ಅಂಕಿ ಒತ್ತಬೇಕು. 3 ಒತ್ತಿದರೆ ಇಡೀ ಪರದೆ. 4 ಒತ್ತಿದರೆ ಎಳೆದು ಆರಿಸುವ ಗುರುತು. 4 ಆದಮೇಲೆ ಸ್ಪೇಸ್ ಬಾರ್ ತಟ್ಟಿದರೆ ಕರ್ಸರ್ ಕ್ಯಾಮೆರಾ ಆಗುತ್ತದೆ, ಬೇಕಾದ ಕಿಟಕಿ ಮೇಲೆ ಒತ್ತಿ. 5 ಒತ್ತಿದರೆ ಎಲ್ಲ ಆಯ್ಕೆಗಳ ಫಲಕ. ಈ 5 ಬಂದದ್ದು ಮ್ಯಾಕ್‌ನ 2018ರ ಆವೃತ್ತಿ ಮೊಹಾವೆಯಲ್ಲಿ. ಅದಕ್ಕಿಂತ ಹಳೆಯದರಲ್ಲಿ ಸಿಗುವುದಿಲ್ಲ. ಒಂದೇ ಒಂದನ್ನು ನೆನಪಿಡುವುದಾದರೆ 5 ನೆನಪಿಡಿ. ಉಳಿದದ್ದನ್ನು ಫಲಕವೇ ತೋರಿಸುತ್ತದೆ.

ಕ್ಯಾಮೆರಾ ಶಬ್ದ ಬರುತ್ತದೆ, ಬಲ ಮೂಲೆಯಲ್ಲಿ ಚಿಕ್ಕ ಚಿತ್ರ ತೇಲುತ್ತದೆ. ಅದು ಮರೆಯಾದ ಮೇಲೆ ಫೈಲ್ ಡೆಸ್ಕ್‌ಟಾಪ್‌ಗೆ ಬಂದು ಕೂರುತ್ತದೆ. ಆ ಕೆಲವು ಸೆಕೆಂಡ್ ಕಾಯದೆ ‘ಸೇವೇ ಆಗಿಲ್ಲ’ ಅಂತ ಮತ್ತೆ ಮತ್ತೆ ಒತ್ತಿ, ಆಮೇಲೆ ಡೆಸ್ಕ್‌ಟಾಪ್ ತುಂಬಾ ಒಂದೇ ಚಿತ್ರದ ಹತ್ತಾರು ಪ್ರತಿ ಮಾಡಿಕೊಂಡವರಿದ್ದಾರೆ. ಕ್ಲಿಪ್‌ಬೋರ್ಡ್‌ಗೇ ಬೇಕಿದ್ದರೆ ಇದೇ ಕೀಗಳ ಜೊತೆ ಕಂಟ್ರೋಲ್ ಸೇರಿಸಿ.

ಮ್ಯಾಕ್‌ಗೆ ಮಾಮೂಲಿ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿದ್ದರೆ ವಿಂಡೋಸ್ ಗುರುತಿನ ಕೀಯೇ ಕಮಾಂಡ್.

ಕ್ರೋಮ್‌ಬುಕ್?

ಮೇಲಿನ ಸಾಲಿನಲ್ಲಿ ಒಂದು ಚೌಕ, ಪಕ್ಕದಲ್ಲಿ ಎರಡು ಗೆರೆ ಇರುವ ಕೀ ಇದೆ. ಕಂಟ್ರೋಲ್ ಹಿಡಿದು ಅದನ್ನು ಒತ್ತಿ. ಭಾಗ ಬೇಕಿದ್ದರೆ ಶಿಫ್ಟ್ ಕೂಡ ಸೇರಿಸಿ. ಫೈಲ್ ಡೌನ್‌ಲೋಡ್ಸ್‌ನಲ್ಲಿ.

ವಿಂಡೋಸ್ ಲ್ಯಾಪ್‌ಟಾಪ್. ಪ್ರಿಂಟ್ ಸ್ಕ್ರೀನ್ ಎಲ್ಲಿದೆ ಅಂತಲೇ ಕಾಣುತ್ತಿಲ್ಲ.

ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಬೇರೆ ಕೀ ಜೊತೆ ಸೇರಿಸಿಬಿಟ್ಟಿರುತ್ತಾರೆ. ಇನ್ಸರ್ಟ್ ಕೀ ಅಥವಾ ಮೇಲಿನ ಎಫ್ ಸಾಲಿನ ಕೀಗಳ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಕೆಳಗಿನ ಎಡಗಡೆಯ ಎಫ್‌ಎನ್ ಕೀ ಹಿಡಿದು ಒತ್ತಬೇಕು. ಅಕ್ಷರ ಅಳಿಸಿಹೋಗಿದ್ದರೆ ವಿಂಡೋಸ್ ಕೀ, ಕಂಟ್ರೋಲ್, ಓ ಒತ್ತಿ. ಪರದೆ ಮೇಲೇ ಒಂದು ಕೀಬೋರ್ಡ್ ಬರುತ್ತದೆ, ಅದರಲ್ಲಿ ಪ್ರಿಂಟ್ ಸ್ಕ್ರೀನ್ ಇದೆ. ಅಥವಾ ಸುಮ್ನೆ ವಿಂಡೋಸ್, ಶಿಫ್ಟ್, ಎಸ್ ಬಳಸಿ, ಆ ಕೀಯ ಹಂಗೇ ಬೇಡ.

ಕೀ ಮೇಲೆ ಪ್ರಿಂಟ್ ಅಂತ ಇದೆ. ಪ್ರಿಂಟರ್ ಇಲ್ಲದೆ ಒತ್ತಿದರೆ ತೊಂದರೆ ಇಲ್ಲವಾ?

ಇಲ್ಲ. 1981ರ ಐಬಿಎಂ ಪಿಸಿಯಲ್ಲಿ ಶಿಫ್ಟ್ ಜೊತೆ ಅದನ್ನು ಒತ್ತಿದರೆ ಪರದೆ ಮೇಲಿನ ಅಕ್ಷರಗಳು ನಿಜವಾಗಿಯೂ ಪ್ರಿಂಟರ್‌ನಲ್ಲಿ ಬರುತ್ತಿದ್ದವು. ಈಗ ಕಾಗದ ಹಾಳಾಗುವ ಭಯ ಇಲ್ಲ.

ತೆಗೆದದ್ದು ಹೌದು. ಫೈಲ್ ಮಾತ್ರ ಎಲ್ಲೂ ಇಲ್ಲ.

ಸಾಧ್ಯತೆಗಳನ್ನು ಒಂದೊಂದಾಗಿ ನೋಡೋಣ. ವಿಂಡೋಸ್‌ನಲ್ಲಿ ಒನ್‌ಡ್ರೈವ್ (ಫೈಲ್‌ಗಳನ್ನು ಇಂಟರ್ನೆಟ್‌ಗೆ ಏರಿಸಿಡುವ ಮೈಕ್ರೋಸಾಫ್ಟ್ ಸೇವೆ) ಚಾಲೂ ಇದ್ದರೆ ಪಿಕ್ಚರ್ಸ್ ಫೋಲ್ಡರ್ ಅದರೊಳಗೆ ಸೇರಿಕೊಂಡಿರಬಹುದು. ಆಗ ಹೊರಗಿನ ಪಿಕ್ಚರ್ಸ್ ಖಾಲಿ, ಒನ್‌ಡ್ರೈವ್ ಒಳಗಿನ ಪಿಕ್ಚರ್ಸ್‌ನಲ್ಲಿ ಚಿತ್ರ. ಗೊತ್ತಿಲ್ಲದೆ ವಿಂಡೋಸ್, ಆಲ್ಟ್, ಪ್ರಿಂಟ್ ಸ್ಕ್ರೀನ್ ಒತ್ತಿದ್ದರೆ ಅದು ಗೇಮ್ ಬಾರ್‌ನ ಕೆಲಸ. ಚಿತ್ರ ವೀಡಿಯೋಸ್ ಒಳಗಿನ ಕ್ಯಾಪ್ಚರ್ಸ್ ಫೋಲ್ಡರ್‌ನಲ್ಲಿ ಇರುತ್ತದೆ. ಅಲ್ಲಿ ಚಿತ್ರ ಹುಡುಕಬೇಕು ಅಂತ ಯಾರಿಗೆ ಹೊಳೆಯುತ್ತದೆ ಮಾರಾಯ್ರೆ!

ಮ್ಯಾಕ್‌ನಲ್ಲಿ ಹಿಂದಿನವರು 5ರ ಫಲಕದಲ್ಲಿ ಸೇವ್ ಆಗುವ ಜಾಗ ಬದಲಿಸಿಟ್ಟಿರಬಹುದು. ಅದೇ ಫಲಕದ ಆಪ್ಷನ್ಸ್ ತೆರೆದರೆ ಈಗ ಯಾವ ಜಾಗಕ್ಕೆ ಟಿಕ್ ಇದೆ ಎಂದು ಕಾಣುತ್ತದೆ.

ಇಷ್ಟರಲ್ಲೂ ಸಿಗದಿದ್ದರೆ ಒಂದು ಉಪಾಯ. ಮತ್ತೊಂದು ಸ್ಕ್ರೀನ್‌ಶಾಟ್ ತೆಗೆಯಿರಿ, ಕೂಡಲೇ ಫೈಲ್ ಮ್ಯಾನೇಜರ್‌ನಲ್ಲಿ ‘ರೀಸೆಂಟ್’ ತೆರೆಯಿರಿ. ಉಬುಂಟು, ಮ್ಯಾಕ್, ವಿಂಡೋಸ್ ಮೂರರಲ್ಲೂ ಅಂಥದ್ದೊಂದು ಪಟ್ಟಿ ಇದೆ. ಹೊಸದು ಎಲ್ಲಿದೆಯೋ ಹಳೆಯದೂ ಅಲ್ಲೇ ಇರುತ್ತದೆ.

ಮೆನು ತೆರೆದು ಅದರ ಚಿತ್ರ ತೆಗೆಯಬೇಕು. ಕೀ ಒತ್ತಿದ ಕೂಡಲೇ ಮೆನು ಮಾಯ.

ತಡ ಮಾಡಿ ತೆಗೆಯುವ ಆಯ್ಕೆ ಬಳಸಿ. ವಿಂಡೋಸ್ 11ರ ಸ್ನಿಪಿಂಗ್ ಟೂಲ್‌ನಲ್ಲಿ 3, 5, 10 ಸೆಕೆಂಡ್ ಇದೆ. ಮ್ಯಾಕ್‌ನ 5ರ ಫಲಕದಲ್ಲಿ 5 ಮತ್ತು 10. ಸ್ಪೆಕ್ಟಕಲ್‌ನಲ್ಲೂ ಇದೆ. ಹೊಸ ಉಬುಂಟುವಿನ ಫಲಕದಲ್ಲಿ ಮಾತ್ರ ಇದನ್ನು ಕೊಟ್ಟಿಲ್ಲ. ಆದರೆ ಅಲ್ಲಿ ಮೆನು ತೆರೆದಿಟ್ಟೇ ಪ್ರಿಂಟ್ ಸ್ಕ್ರೀನ್ ಒತ್ತಿದರೆ ಸಾಮಾನ್ಯವಾಗಿ ಮೆನು ಸಮೇತ ಸಿಗುತ್ತದೆ.

ಪುಟ ಉದ್ದ ಇದೆ. ಒಂದೇ ಚಿತ್ರದಲ್ಲಿ ಪೂರ್ತಿ ಬರಬೇಕು.

ಫೈರ್‌ಫಾಕ್ಸ್ ಇದ್ದರೆ ಅದೃಷ್ಟ. ಪುಟದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ‘ಟೇಕ್ ಸ್ಕ್ರೀನ್‌ಶಾಟ್’ ಆರಿಸಿ, ‘ಸೇವ್ ಫುಲ್ ಪೇಜ್’ ಕೊಡಿ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಒಂದೇ ರೀತಿ ನಡೆಯುವ ದಾರಿ ಇದು. ಸಿಸ್ಟಂ ಗೊತ್ತಿಲ್ಲದಾಗ ನಾನು ಮೊದಲು ನೋಡೋದು ಫೈರ್‌ಫಾಕ್ಸ್ ಇದೆಯಾ ಅಂತಲೇ. ಉಬುಂಟು, ಮಿಂಟ್ ಎರಡರಲ್ಲೂ ಅದು ಮೊದಲೇ ಬಂದಿರುತ್ತದೆ. ಎಡ್ಜ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್.

ಕ್ರೋಮ್‌ನಲ್ಲಿ ಇದೇ ಕೆಲಸಕ್ಕೆ ಡೆವಲಪರ್ ಟೂಲ್ಸ್ ತೆರೆಯಬೇಕು. ಎಫ್12 ಒತ್ತಿ, ಆಮೇಲೆ ಕಂಟ್ರೋಲ್, ಶಿಫ್ಟ್, ಪಿ ಒತ್ತಿ, ಇಂಗ್ಲಿಷ್‌ನಲ್ಲಿ ಸ್ಕ್ರೀನ್‌ಶಾಟ್ ಎಂದು ಟೈಪ್ ಮಾಡಿ ‘ಫುಲ್ ಸೈಜ್’ ಇರುವುದನ್ನು ಆರಿಸಿ. ಇಷ್ಟೆಲ್ಲ ಯಾಕೆ? ಓದೋದಕ್ಕೆ ಅಥವಾ ಪ್ರಿಂಟ್‌ಗೆ ಮಾತ್ರ ಬೇಕಿದ್ದರೆ ಕಂಟ್ರೋಲ್ ಮತ್ತು ಪಿ ಒತ್ತಿ ಪಿಡಿಎಫ್ ಮಾಡಿಕೊಳ್ಳಿ. ಅಕ್ಷರ ದೊಡ್ಡದು ಮಾಡಿದರೂ ಒಡೆಯುವುದಿಲ್ಲ.

ಪಹಣಿಯ ಸ್ಕ್ರೀನ್‌ಶಾಟ್ ಬ್ಯಾಂಕಿಗೆ ಕೊಟ್ಟರೆ ನಡೆಯುತ್ತದಾ?

ಭೂಮಿ ಜಾಲತಾಣದಲ್ಲಿ ದುಡ್ಡಿಲ್ಲದೆ ನೋಡುವ ಪಹಣಿ ಮಾಹಿತಿಗೆ ಮಾತ್ರ. ಅದರ ಚಿತ್ರ ತೆಗೆದರೆ ಅದಕ್ಕೆ ಹೊಸ ಬೆಲೆ ಬರುವುದಿಲ್ಲ. ಸರ್ವೆ ನಂಬರ್ ಸರಿ ಇದೆಯಾ, ಬೆಳೆ ಕಾಲಂನಲ್ಲಿ ಅಡಿಕೆ ನಮೂದಾಗಿದೆಯಾ ಅಂತ ಅಣ್ಣನಿಗೆ ತೋರಿಸೋಕೆ ಸಾಕು. ಸಾಲಕ್ಕೆ, ನೋಂದಣಿಗೆ ಶುಲ್ಕ ಕಟ್ಟಿ ತೆಗೆಯುವ ಪ್ರತಿಯೇ ಬೇಕು.

ಚಿತ್ರ ಪೂರ್ತಿ ಕಪ್ಪಗೆ ಬರುತ್ತದೆ.

ಕಾರಣ ಎರಡು ಇರಬಹುದು. ಹಣ ಕೊಟ್ಟು ನೋಡುವ ಸಿನಿಮಾ ಸೇವೆಗಳು ನಕಲಾಗದಂತೆ ವೀಡಿಯೋವನ್ನು ಮುಚ್ಚಿಟ್ಟಿರುತ್ತವೆ. ಕೆಲವು ಆ್ಯಪ್‌ಗಳೂ ತಮ್ಮ ಕಿಟಕಿ ಸೆರೆಯಾಗದಂತೆ ಮಾಡಿಕೊಂಡಿರುತ್ತವೆ. ಅದು ನಿಮ್ಮ ಮಷೀನಿನ ದೋಷ ಅಲ್ಲ. ಆದರೆ ಹೊಸ ಉಬುಂಟುವಿನಲ್ಲಿ ಬೇರೆಲ್ಲಿಂದಲೋ ತಂದು ಹಾಕಿದ ಹಳೆಯ ಸ್ಕ್ರೀನ್‌ಶಾಟ್ ಸಾಧನ ಬಳಸುತ್ತಿದ್ದರೆ ಕಾರಣ ವೇಲ್ಯಾಂಡ್, ಅಂದರೆ ಪರದೆ ಮೇಲೆ ಕಿಟಕಿಗಳನ್ನು ತೋರಿಸುವ ಹೊಸ ವ್ಯವಸ್ಥೆ. ಒಂದು ಆ್ಯಪ್ ಇನ್ನೊಂದರ ಪರದೆಯನ್ನು ಇಣುಕಿ ನೋಡಲು ಅದು ಬಿಡುವುದಿಲ್ಲ. ಸಿಸ್ಟಂನ ಸ್ವಂತ ಸಾಧನವನ್ನೇ ಬಳಸಿ.

ಇಷ್ಟೆಲ್ಲ ಯಾಕೆ? ಫೋನ್‌ನಲ್ಲಿ ಪರದೆಯ ಫೋಟೋ ಹೊಡೆದರೆ ಆಗದಾ?

ಆಗುತ್ತದೆ. ಆದರೆ ಟ್ಯೂಬ್‌ಲೈಟಿನ ಬಿಂಬ, ಅಲೆಅಲೆ ಗೆರೆ, ಓರೆಯಾದ ಅಕ್ಷರ ಎಲ್ಲ ಸೇರಿ ಬೆಂಗಳೂರಲ್ಲಿ ಕೂತು ಸಹಾಯ ಮಾಡುವ ಮಗನಿಗೆ ಎರರ್ ಸಂಖ್ಯೆ ಓದೋಕೇ ಬರುವುದಿಲ್ಲ.

ಫೋನ್ ಬಿಟ್ಟು ಬೇರೆ ದಾರಿಯೇ ಇಲ್ಲದ ಜಾಗಗಳೂ ಇವೆ. ಕಂಪ್ಯೂಟರ್ ಚಾಲೂ ಆಗುವಾಗಿನ ಬಯೋಸ್ ಪರದೆ, ವಿಂಡೋಸ್‌ನ ನೀಲಿ ಪರದೆ, ಲಿನಕ್ಸ್ ಹಾಕುವಾಗ ಅರ್ಧಕ್ಕೆ ನಿಂತ ಕಪ್ಪು ಪರದೆ. ಇಲ್ಲೆಲ್ಲ ಸಿಸ್ಟಂ ಇನ್ನೂ ಎದ್ದಿರುವುದಿಲ್ಲ, ಅಥವಾ ಬಿದ್ದುಹೋಗಿರುತ್ತದೆ. ವಿಂಡೋಸ್ ಪರದೆ ಮಂಕಾಗಿಸಿ ‘ಈ ಆ್ಯಪ್‌ಗೆ ಅನುಮತಿ ಕೊಡಲೇ’ ಎಂದು ಕೇಳುವ ಕಿಟಕಿಯೂ ಮಾಮೂಲಿ ಕೀಗೆ ಸಿಗುವುದಿಲ್ಲ. ಆಗ ಕೋಣೆಯ ದೀಪ ಆರಿಸಿ, ಫ್ಲಾಶ್ ಬಂದ್ ಮಾಡಿ, ನೇರ ಎದುರಿನಿಂದ ಹೊಡೆಯಿರಿ.

ಸಹಾಯ ಕೇಳಲು ಕಳಿಸುವ ಸ್ಕ್ರೀನ್‌ಶಾಟ್‌ನಲ್ಲಿ ಏನೇನು ಇರಬೇಕು?

ಎರರ್‌ನ ಚಿಕ್ಕ ಪೆಟ್ಟಿಗೆಯನ್ನು ಮಾತ್ರ ಕತ್ತರಿಸಿ ಕಳಿಸಬೇಡಿ. ಅದು ಯಾವ ಆ್ಯಪ್‌ನದ್ದು, ಹಿಂದೆ ಏನು ತೆರೆದಿತ್ತು ಅನ್ನೋದರಿಂದಲೇ ಅರ್ಧ ಉತ್ತರ ಸಿಗುತ್ತದೆ. ಇಡೀ ಕಿಟಕಿ ಬರಲಿ, ಬ್ರೌಸರ್ ಆದರೆ ಮೇಲಿನ ವಿಳಾಸವೂ ಬರಲಿ.

ದಿನಾಂಕವೂ ಮುಖ್ಯ. ಮಳೆಗಾಲದಲ್ಲಿ ಶಾಲೆಗೆ ರಜೆ ಅನ್ನುವ ಹಳೆಯ ಆದೇಶದ ಚಿತ್ರ ಮತ್ತೆ ಮತ್ತೆ ಗ್ರೂಪ್‌ಗಳಲ್ಲಿ ತಿರುಗುತ್ತದೆ. ದಿನಾಂಕದ ಸಾಲು ಕತ್ತರಿಸಿ ಹೋಗಿರುವುದರಿಂದ ಅದು ಯಾವ ವರ್ಷದ್ದು ಎಂದೇ ತಿಳಿಯುವುದಿಲ್ಲ. ಮಕ್ಕಳಿಗೆ ಖುಷಿ, ಮಾಸ್ತರರಿಗೆ ಫೋನೋ ಫೋನು.

ವಾಟ್ಸಾಪ್‌ನಲ್ಲಿ ಕಳಿಸಿದರೆ ಅಕ್ಷರ ಮಸುಕಾಗುತ್ತದೆ.

ಫೋಟೋ ಅಂತ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ, ಇದ್ದ ಹಾಗೇ ಹೋಗುತ್ತದೆ. ಪಿಎನ್‌ಜಿ ಫೈಲನ್ನು ಜೆಪೆಗ್ ಮಾಡಬೇಡಿ. ಅಕ್ಷರದ ಅಂಚಿನ ಸುತ್ತ ಕೊಳೆ ಕೂತ ಹಾಗೆ ಕಾಣುತ್ತದೆ.

ಕನ್ನಡ ಅಕ್ಷರದ ಜಾಗದಲ್ಲಿ ಚೌಕಗಳು ಬಂದಿವೆ. ಸ್ಕ್ರೀನ್‌ಶಾಟ್‌ನ ತಪ್ಪಾ?

ಅಲ್ಲ. ಪರದೆ ಮೇಲೆ ಏನಿತ್ತೋ ಅದೇ ಬಂದಿದೆ. ಆ ಮಷೀನ್‌ನಲ್ಲಿ ಕನ್ನಡ ಫಾಂಟ್ ಇಲ್ಲ. ಲಿನಕ್ಸ್‌ನಲ್ಲಿ ನೋಟೊ ಕನ್ನಡ ಫಾಂಟ್ ಹಾಕಿ ಬ್ರೌಸರ್ ಮುಚ್ಚಿ ತೆರೆದರೆ ಸರಿಯಾಗುತ್ತದೆ.

ಇದರ ಉಲ್ಟಾ ಸಮಸ್ಯೆಯೂ ಇದೆ, ಅಲ್ಲಿ ಸ್ಕ್ರೀನ್‌ಶಾಟೇ ಮದ್ದು. ಹಳೆ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಯುನಿಕೋಡ್ ಅಲ್ಲದ ರೀತಿ ಟೈಪ್ ಮಾಡಿದ ಸಂಘದ ಠರಾವು, ಆಮಂತ್ರಣ ಪತ್ರಿಕೆ ಇರುತ್ತವಲ್ಲ, ಅವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಫಾಂಟ್ ಇರುವ ಮಷೀನ್‌ನಲ್ಲೇ ತೆರೆದು ಸ್ಕ್ರೀನ್‌ಶಾಟ್ ಅಥವಾ ಪಿಡಿಎಫ್ ಮಾಡಿ ಕಳಿಸಿದರೆ ಎಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ತಿದ್ದೋಕೆ ಮಾತ್ರ ಆಗುವುದಿಲ್ಲ.

ಆಧಾರ್ ನಂಬರ್, ಖಾತೆ ನಂಬರ್ ಮುಚ್ಚೋದು ಹೇಗೆ?

ಹೈಲೈಟರ್‌ನಿಂದ ಗೀಚಿದರೆ ಸಾಲದು. ಮಸುಕು ಮಾಡುವುದನ್ನೂ ನಾನು ನಂಬುವುದಿಲ್ಲ. ದಟ್ಟ ಬಣ್ಣ ತುಂಬಿದ ಚೌಕ ಇಟ್ಟು ಮುಚ್ಚಿ. ಆಮೇಲೆ ಆ ಚಿತ್ರವನ್ನೇ ಪರದೆ ಮೇಲೆ ತೆರೆದು ಅದರ ಹೊಸ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಕಳಿಸಿ. ಅತಿಯಾಯಿತು ಅನ್ನಿಸುತ್ತದಾ? 2023ರಲ್ಲಿ ಒಂದು ದೋಷ ಬೆಳಕಿಗೆ ಬಂತು. ವಿಂಡೋಸ್ 11ರ ಸ್ನಿಪಿಂಗ್ ಟೂಲ್‌ನಲ್ಲಿ ಚಿತ್ರ ಕತ್ತರಿಸಿ ಅದೇ ಫೈಲ್ ಮೇಲೆ ಸೇವ್ ಮಾಡಿದರೆ, ಕತ್ತರಿಸಿದ ಭಾಗದ ಮಾಹಿತಿ ಫೈಲ್‌ನ ಬಾಲದಲ್ಲಿ ಹಾಗೇ ಉಳಿಯುತ್ತಿತ್ತು. ಗೂಗಲ್ ಪಿಕ್ಸೆಲ್ ಫೋನ್‌ಗಳಲ್ಲೂ ಇದೇ ಬಗೆಯ ದೋಷ ಇತ್ತು. ಇಬ್ಬರೂ ಸರಿ ಮಾಡಿದ್ದಾರೆ. ಆದರೆ ಸೈಬರ್‌ನ ಮಷೀನ್ ಅಪ್‌ಡೇಟ್ ಆಗಿದೆಯಾ ಅಂತ ನಿಮಗೆ ಹೇಗೆ ಗೊತ್ತು? ಹೊಸದಾಗಿ ತೆಗೆದ ಚಿತ್ರದಲ್ಲಿ ಮುಚ್ಚಿದ್ದು ಇರುವುದೇ ಇಲ್ಲ.

ಆಧಾರ್‌ಗಾದರೆ ಇನ್ನೂ ಸುಲಭ. ಮಾಸ್ಕ್ ಮಾಡಿದ ಆಧಾರ್ ಇಳಿಸಿಕೊಳ್ಳಿ. ಮೊದಲ 8 ಅಂಕಿ ಮುಚ್ಚಿ, ಕೊನೆಯ 4 ಮಾತ್ರ ತೋರಿಸುತ್ತದೆ.

ಯುಪಿಐ ಮೋಸ ಆಯಿತು. ಸ್ಕ್ರೀನ್‌ಶಾಟ್ ಸಾಕ್ಷಿ ಆಗುತ್ತದಾ?

ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ದುಡ್ಡು ಸಿಗುವ ಸಾಧ್ಯತೆ ಕಡಿಮೆ. ಸ್ಕ್ರೀನ್‌ಶಾಟ್ ತೆಗೆದಿಡಿ, ವಹಿವಾಟಿನ ಸಂಖ್ಯೆ, ಸಮಯ, ಆ ಕಡೆಯವರ ನಂಬರ್ ಕಾಣುವಂತೆ. ಇದನ್ನು ಕತ್ತರಿಸಬೇಡಿ, ಗೀಚಬೇಡಿ, ಮೂಲ ಮೆಸೇಜನ್ನೂ ಅಳಿಸಬೇಡಿ. ನ್ಯಾಯಾಲಯಕ್ಕೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನು ಅದು. ಅದನ್ನು ವಕೀಲರು ನೋಡಿಕೊಳ್ಳುತ್ತಾರೆ, ಮೂಲ ಇರುವ ಫೋನನ್ನು ನೀವು ಜೋಪಾನ ಮಾಡಿ.

ಸೈಬರ್‌ನಲ್ಲಿ ತೆಗೆದ ಸ್ಕ್ರೀನ್‌ಶಾಟ್ ಅಲ್ಲೇ ಉಳಿಯುತ್ತದಾ?

ಉಳಿಯುತ್ತದೆ. ನೀವು ಎದ್ದು ಹೋದಮೇಲೆ ಮುಂದಿನವರು ಅದೇ ಕುರ್ಚಿಯಲ್ಲಿ ಕೂರುತ್ತಾರೆ. ಏಳುವ ಮೊದಲು ಐದು ನಿಮಿಷ ಇದಕ್ಕೆ ಇಡಿ.

ಫೋಲ್ಡರ್‌ನಲ್ಲಿ ನಿಮ್ಮ ಫೈಲ್ ಆರಿಸಿ ಶಿಫ್ಟ್ ಹಿಡಿದು ಡಿಲೀಟ್ ಒತ್ತಿ. ವಿಂಡೋಸ್‌ನಲ್ಲೂ ಉಬುಂಟುವಿನಲ್ಲೂ ಅದು ಕಸದ ಬುಟ್ಟಿಗೆ ಹೋಗದೆ ನೇರ ಅಳಿಯುತ್ತದೆ. ಬರೀ ಡಿಲೀಟ್ ಒತ್ತಿದ್ದರೆ ಬುಟ್ಟಿಯಿಂದಲೂ ಅದನ್ನು ತೆಗೆಯಿರಿ. ಪೇಂಟ್ ತೆರೆದಿದ್ದರೆ ಸೇವ್ ಮಾಡದೆ ಮುಚ್ಚಿ. ಡೌನ್‌ಲೋಡ್ಸ್ ಫೋಲ್ಡರ್ ಕೂಡ ಒಮ್ಮೆ ಇಣುಕಿ, ಫೈರ್‌ಫಾಕ್ಸ್‌ನಲ್ಲಿ ತೆಗೆದದ್ದು ಅಲ್ಲಿರುತ್ತದೆ.

ವಿಂಡೋಸ್ ಕೀ ಮತ್ತು ವಿ ಒತ್ತಿ ನೋಡಿ. ಕ್ಲಿಪ್‌ಬೋರ್ಡ್ ಇತಿಹಾಸ ಚಾಲೂ ಇದ್ದರೆ ಕೊನೆಯ 25 ಕಾಪಿಗಳು ಅಲ್ಲಿ ಸಾಲಾಗಿ ಕಾಣುತ್ತವೆ. ನಿಮ್ಮ ಆಧಾರ್ ಚಿತ್ರ, ಕಾಪಿ ಮಾಡಿದ ಪಾಸ್‌ವರ್ಡ್ ಎಲ್ಲ. ‘ಕ್ಲಿಯರ್ ಆಲ್’ ಕೊಡಿ. ಇತಿಹಾಸ ಚಾಲೂ ಇಲ್ಲದಿದ್ದರೆ ಯಾವುದಾದರೂ ಒಂದು ಪದ ಕಾಪಿ ಮಾಡಿದರೆ ಸಾಕು, ಹಳೆ ಚಿತ್ರ ಹೋಗುತ್ತದೆ.

ಕೆಳಗೆ ಬಲ ಮೂಲೆಯಲ್ಲಿ ಮೋಡದ ಗುರುತು ಇದ್ದರೆ ಆ ಮಷೀನ್‌ನ ಒನ್‌ಡ್ರೈವ್ ಚಾಲೂ ಇದೆ. ನಿಮ್ಮ ಚಿತ್ರ ಅಂಗಡಿಯವರ ಖಾತೆಗೆ ಆಗಲೇ ಏರಿರಬಹುದು. ಅಂಥ ಕಡೆ ಖಾಸಗಿ ಕಾಗದದ ಚಿತ್ರ ಫೈಲ್ ಆಗದಿರುವುದೇ ಒಳ್ಳೆಯದು. ವಿಂಡೋಸ್ 10 ಆದರೆ ಬರೀ ಪ್ರಿಂಟ್ ಸ್ಕ್ರೀನ್ ಒತ್ತಿ, ನೇರ ನಿಮ್ಮ ಇಮೇಲ್‌ಗೆ ಪೇಸ್ಟ್ ಮಾಡಿ ಕಳಿಸಿಬಿಡಿ. ಮುಂಚೆ ಕಿರಿಕಿರಿ ಅನ್ನಿಸಿದ್ದ ಕ್ಲಿಪ್‌ಬೋರ್ಡ್ ಇಲ್ಲಿ ಉಪಕಾರಕ್ಕೆ ಬರುತ್ತದೆ.

ವಾಟ್ಸಾಪ್ ವೆಬ್ ತೆರೆದಿದ್ದರೆ ಅದರಿಂದ ಲಾಗೌಟ್ ಆಗಿ. ಮರೆತು ಬಂದರೆ ಮತ್ತೆ ಅಷ್ಟು ದೂರ ಹೋಗಬೇಕಿಲ್ಲ. ಫೋನ್‌ನಲ್ಲೇ ವಾಟ್ಸಾಪ್‌ನ ‘ಲಿಂಕ್ಡ್ ಡಿವೈಸಸ್’ ತೆರೆದು ಆ ಕಂಪ್ಯೂಟರ್ ಹೆಸರಿನ ಮೇಲೆ ಒತ್ತಿ ಲಾಗೌಟ್ ಕೊಡಿ. ಬಸ್ಸಿನಲ್ಲಿ ಕೂತು ದೇವಿಮನೆ ಘಟ್ಟ ಹತ್ತುವ ಮೊದಲೇ ಇದನ್ನು ಮುಗಿಸಿ, ಆಮೇಲೆ ನೆಟ್‌ವರ್ಕ್ ಸಿಗುವುದು ಕಷ್ಟ.